ಮನೆಯಲ್ಲೇ ನುರಿತ ಶುಶ್ರೂಷೆ: ಯಾವ ಕೆಲಸಕ್ಕೆ ಯಾರು ಬೇಕು, ಅವರನ್ನು ಆರಿಸುವುದು ಹೇಗೆ

"ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಒಬ್ಬರು ನರ್ಸ್ ಇಟ್ಟುಕೊಳ್ಳಿ." ಪಾರ್ಶ್ವವಾಯು ಆದವರ, ಸೊಂಟದ ಮೂಳೆ ಮುರಿದವರ, ತಲೆಗೆ ಪೆಟ್ಟು ಬಿದ್ದವರ ಮನೆಯವರು ಡಿಸ್ಚಾರ್ಜ್ ದಿನ ಕೇಳುವ ಮಾತಿದು. ಅಂದೇ ಸಂಜೆ ಯಾರೋ ಕೊಟ್ಟ ನಂಬರಿಗೆ ಫೋನು ಹೋಗುತ್ತದೆ. ಮರುದಿನ ಬೆಳಿಗ್ಗೆ ಯೂನಿಫಾರ್ಮ್ ತೊಟ್ಟವರೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಅವರು ಓದಿದ್ದೇನು, ಅವರಿಗೆ ಬರುವುದೇನು, ಬಾರದೇ ಇರುವುದೇನು ಎಂಬುದು ಮೂಗಿನ ಟ್ಯೂಬ್ ಕಿತ್ತುಬರುವ ರಾತ್ರಿಯವರೆಗೂ ಮನೆಯವರಿಗೆ ಗೊತ್ತಾಗುವುದಿಲ್ಲ.

ತೊಂದರೆಯ ಬೇರು "ನರ್ಸ್" ಎಂಬ ಪದದಲ್ಲೇ ಇದೆ. ಮಂಗಳೂರು, ಉಡುಪಿ ಕಡೆ "ಹೋಮ್ ನರ್ಸ್" ಎಂದರೆ ಬಹಳ ಮಟ್ಟಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸು ಎಂದೇ ಅರ್ಥ, ನರ್ಸಿಂಗ್ ಓದಿರಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಅದೇ ಕೆಲಸದವರಿಗೆ ಅಟೆಂಡರ್, ಕೇರ್‌ಟೇಕರ್, ಆಯಾ ಎನ್ನುತ್ತಾರೆ. ಆದರೆ ಏಜೆನ್ಸಿಯವರು ಫೋನಿನಲ್ಲಿ ಎಲ್ಲರನ್ನೂ "ಸಿಸ್ಟರ್" ಎಂದೇ ಪರಿಚಯಿಸುತ್ತಾರೆ. ಹಾಗಾಗಿ ಆಳನ್ನು ಹುಡುಕುವ ಮೊದಲು ಕೆಲಸವನ್ನು ಬರೆದುಕೊಳ್ಳಿ. ಈ ಬರಹದ ಉಳಿದ ಹೆಜ್ಜೆಗಳೆಲ್ಲ ಆ ಒಂದು ಹಾಳೆಯ ಮೇಲೆ ನಿಂತಿವೆ.

ಹೆಜ್ಜೆ 1: ವಾರ್ಡಿನಲ್ಲಿ ಒಂದು ಪೂರ್ತಿ ದಿನ ಕೂತು ಬರೆಯಿರಿ

ಡಿಸ್ಚಾರ್ಜ್‌ಗೆ ಎರಡು ದಿನ ಮುಂಚೆ, ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ರೋಗಿಗೆ ಯಾರು ಏನು ಮಾಡಿದರು ಎಂಬುದನ್ನು ಗಂಟೆಯ ಸಮೇತ ಬರೆದಿಡಿ. ಮನೆಯವರು ಸರದಿಯಲ್ಲಿ ಕೂತರಾಯಿತು. ಎಷ್ಟು ಸಲ ಮಗ್ಗುಲು ಬದಲಿಸಿದರು, ಎಷ್ಟು ಸಲ ಕಫ ಎಳೆದರು, ರಾತ್ರಿ ಎರಡು ಗಂಟೆಗೆ ಏನು ಕೊಟ್ಟರು, ಇಬ್ಬರು ಸೇರಿ ಎತ್ತಿದರೋ ಒಬ್ಬರೇ ಎತ್ತಿದರೋ, ಎಲ್ಲವನ್ನೂ ಗುರುತಿಸಿ. ರಾತ್ರಿಯ ಲೆಕ್ಕವನ್ನು ಮಾತ್ರ ಬಿಡಬೇಡಿ. ಮನೆಯ ವ್ಯವಸ್ಥೆ ಮುರಿದುಬೀಳುವುದು ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲೇ.

ಆಮೇಲೆ ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಮೈಯ ಹೊರಗೆ ಮುಗಿಯುವ ಕೆಲಸಗಳು ಎಡಕ್ಕೆ: ಸ್ನಾನ, ಬಾಯಿ ಸ್ವಚ್ಛ ಮಾಡುವುದು, ಡೈಪರ್, ಮಗ್ಗುಲು ಬದಲಿಸುವುದು, ಗಾಲಿಕುರ್ಚಿಗೆ ಕೂರಿಸುವುದು, ಊಟ ಮಾಡಿಸುವುದು, ಬಿ.ಪಿ. ನೋಡಿ ಬರೆಯುವುದು. ಮೈಯ ಒಳಗೆ ಹೋಗುವ ಕೆಲಸಗಳು ಬಲಕ್ಕೆ: ಇಂಜೆಕ್ಷನ್, ಡ್ರಿಪ್, ಮೂಗಿನಿಂದ ಹೊಟ್ಟೆಗೆ ಇಳಿಯುವ ರೈಲ್ಸ್ ಟ್ಯೂಬ್ ಹಾಕುವುದು, ಮೂತ್ರದ ಕ್ಯಾಥೆಟರ್ ಬದಲಿಸುವುದು, ಉಸಿರಾಟಕ್ಕೆಂದು ಗಂಟಲಿನಲ್ಲಿ ರಂಧ್ರ ಮಾಡಿ ಹಾಕಿದ ಟ್ರೇಕಿಯಾಸ್ಟಮಿ ಟ್ಯೂಬಿನಿಂದ ಕಫ ಎಳೆಯುವುದು, ಆಳವಾದ ಗಾಯಕ್ಕೆ ಡ್ರೆಸ್ಸಿಂಗ್. ಎಡಗಡೆಯ ಕೆಲಸಕ್ಕೆ ತರಬೇತಿ ಪಡೆದ ಅಟೆಂಡರ್ ಸಾಕು. ಬಲಗಡೆಯದು ನೋಂದಾಯಿತ ನರ್ಸ್ ಕೆಲಸ. ಅದನ್ನು ಅಟೆಂಡರ್ ಕೈಯಲ್ಲಿ ಮಾಡಿಸಬಾರದು, ಅವರು "ನನಗೆ ಬರುತ್ತೆ ಅಮ್ಮಾ" ಎಂದರೂ ಸರಿ.

ಗೆರೆಯನ್ನು ದಾಟುವ ಕೆಲವು ಕೆಲಸಗಳೂ ಇವೆ. ಒಳಗಿರುವ ಟ್ಯೂಬಿನಲ್ಲಿ ಗಂಜಿ ಬಿಡುವುದು, ಇನ್ಸುಲಿನ್ ಚುಚ್ಚುವುದು, ಕ್ಯಾಥೆಟರ್ ಚೀಲ ಖಾಲಿ ಮಾಡುವುದು, ಇವನ್ನು ಮನೆಯವರು ವಾರ್ಡಿನಲ್ಲೇ ಕಲಿಯಬಹುದು, ಕಲಿಯಲೂಬೇಕು. ನರ್ಸ್ ಬಸ್ಸು ತಪ್ಪಿಸಿಕೊಂಡ ದಿನವೂ ಮಧ್ಯಾಹ್ನದ ಊಟ ಹೋಗಬೇಕಲ್ಲ.

ಈ ಹಾಳೆ ಕೈಗೆ ಬಂದ ಮೇಲೆ ಎಷ್ಟೋ ಮನೆಗಳಿಗೆ ದಿನವಿಡೀ ನರ್ಸ್ ಬೇಡವೆಂದು ಗೊತ್ತಾಗುತ್ತದೆ. ಸೊಂಟದ ಆಪರೇಷನ್ ಆದವರಿಗೆ ಹಗಲಿಗೊಬ್ಬ ಅಟೆಂಡರ್, ದಿನ ಬಿಟ್ಟು ದಿನ ಫಿಸಿಯೋಥೆರಪಿಸ್ಟ್, ವಾರಕ್ಕೆರಡು ಸಲ ಡ್ರೆಸ್ಸಿಂಗ್‌ಗೆ ಬಂದು ಹೋಗುವ ನರ್ಸ್ ಸಾಕಾಗಬಹುದು. ಟ್ರೇಕಿಯಾಸ್ಟಮಿ ಇದ್ದವರ ಲೆಕ್ಕವೇ ಬೇರೆ. ಕಫ ಯಾವ ಗಳಿಗೆಯಲ್ಲಾದರೂ ಕಟ್ಟಬಹುದು, ಆದ್ದರಿಂದ ಹಗಲೂ ರಾತ್ರಿಯೂ ಕಫ ಎಳೆಯಲು ಬರುವವರು ಎಚ್ಚರವಾಗಿ ಹತ್ತಿರ ಇರಲೇಬೇಕು.

ಹೆಜ್ಜೆ 2: ಓದು, ನೋಂದಣಿ, ಅನುಭವ

ಎ.ಎನ್.ಎಂ. (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಎರಡು ವರ್ಷದ ಓದು, ಅದರ ಒತ್ತು ತಾಯಿ–ಮಗುವಿನ ಆರೈಕೆಯ ಮೇಲೆ. ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ, ಹಿಂದೆ ಮೂರೂವರೆ ವರ್ಷವಿತ್ತು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬುದು ಕೆಲವೇ ತಿಂಗಳ ಕೌಶಲ ತರಬೇತಿ, ಒಳ್ಳೆಯ ಅಟೆಂಡರ್ ಆಗಲು ಅದು ಸಾಕು, ನರ್ಸ್ ಆಗಲು ಸಾಲದು. ಹಾಸಿಗೆ ಹಿಡಿದವರಿಗೆ ಟ್ಯೂಬ್, ಇಂಜೆಕ್ಷನ್, ಸಕ್ಷನ್ (ಯಂತ್ರದಿಂದ ಕಫ ಎಳೆಯುವುದು) ಇದ್ದರೆ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ಮಾಡಿದವರನ್ನೇ ಕೇಳಿ.

ಸರ್ಟಿಫಿಕೇಟ್ ಇದ್ದರಷ್ಟೇ ಸಾಲದು. ನರ್ಸ್ ಆಗಿ ಕೆಲಸ ಮಾಡಲು ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು, ನಮ್ಮಲ್ಲಿ ಅದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ನೋಂದಣಿ ಸಂಖ್ಯೆ, ನವೀಕರಣದ ದಿನಾಂಕ, ಫೋಟೋ ಇರುವ ಗುರುತಿನ ಚೀಟಿ, ಈ ಮೂರನ್ನೂ ಕೇಳಿ ಪಡೆಯಿರಿ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ರಾಷ್ಟ್ರೀಯ ದಾಖಲೆಯಲ್ಲಿ ಸೇರಿದ ನರ್ಸ್‌ಗಳಿಗೆ ಎನ್.ಯು.ಐ.ಡಿ. ಎಂಬ ಗುರುತಿನ ಸಂಖ್ಯೆಯೂ ಇರುತ್ತದೆ. ಬೆಂಗಳೂರಿನ ಏಜೆನ್ಸಿಗಳಲ್ಲಿ ಹೊರರಾಜ್ಯದಲ್ಲಿ ಓದಿ ಬಂದವರೂ ಇರುತ್ತಾರೆ. ಅವರ ಮೂಲ ನೋಂದಣಿ ಆಯಾ ರಾಜ್ಯದ್ದಾಗಿರಬಹುದು, ಅದಕ್ಕೇ ಅನುಮಾನಪಡಬೇಕಿಲ್ಲ, ದಾಖಲೆ ತೋರಿಸಲಿ. "ಕೋರ್ಸ್ ಮುಗಿದಿದೆ, ರಿಸಲ್ಟ್ ಬರಬೇಕು" ಎನ್ನುವವರು ಇನ್ನೂ ವಿದ್ಯಾರ್ಥಿಗಳು.

ಕಾಗದ ನೋಡಿದ ಮೇಲೆ ಐದು ನಿಮಿಷ ಮಾತಾಡಿ. "ಎಷ್ಟು ವರ್ಷದ ಅನುಭವ?" ಎಂಬ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರ ಸಿದ್ಧವಿರುತ್ತದೆ. ಅದರ ಬದಲು ಕೆಲಸದ ಒಳಗಿನದ್ದನ್ನೇ ಕೇಳಿ. "ಗಂಜಿ ಬಿಡುವ ಮೊದಲು ಟ್ಯೂಬ್ ಹೊಟ್ಟೆಯಲ್ಲೇ ಇದೆಯೆಂದು ಹೇಗೆ ನೋಡುತ್ತೀರಿ?" "ಎಂಟು ಮಿಲಿಮೀಟರ್ ಟ್ರೇಕಿಯಾಸ್ಟಮಿಗೆ ಎಷ್ಟು ನಂಬರ್ ಸಕ್ಷನ್ ಕ್ಯಾಥೆಟರ್?" "ಶುಗರ್ 58 ಬಂತು, ಪೇಷಂಟ್ ಮಾತಾಡುತ್ತಿದ್ದಾರೆ, ಮೊದಲು ಏನು ಮಾಡುತ್ತೀರಿ?" ಉತ್ತರಗಳು ಕೆಳಗೆ ಬರುತ್ತವೆ. ಉತ್ತರ ಗೊತ್ತಿಲ್ಲದೆ "ಡಾಕ್ಟರನ್ನು ಕೇಳಿ ಮಾಡುತ್ತೇನೆ" ಎಂದವರನ್ನು ತಳ್ಳಿಹಾಕಬೇಡಿ. ಗೊತ್ತಿಲ್ಲದಿದ್ದರೂ ಗೊತ್ತಿದೆಯೆಂದು ಕೈ ಹಾಕುವವರಿಗಿಂತ ಅವರು ಎಷ್ಟೋ ವಾಸಿ.

ಹೆಜ್ಜೆ 3: ಮನೆಗೆ ತರುವ ಸ್ಥಿತಿ ಇದೆಯೇ?

ಎಂಥ ನರ್ಸ್ ಇದ್ದರೂ ಮನೆ ಐ.ಸಿ.ಯು. ಆಗುವುದಿಲ್ಲ. ಬಿ.ಪಿ. ಹಿಡಿದಿಡಲು ಡ್ರಿಪ್ಪಿನಲ್ಲಿ ಔಷಧ ಹೋಗುತ್ತಿದ್ದರೆ, ಆಕ್ಸಿಜನ್ ಪ್ರಮಾಣ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಕಳೆದ 24 ಗಂಟೆಯಲ್ಲಿ ಜ್ವರವೋ ಫಿಟ್ಸೋ ಹೊಸದಾಗಿ ಬಂದಿದ್ದರೆ, ಇನ್ನೆರಡು ದಿನ ಇರಿಸಿಕೊಳ್ಳಿ ಎಂದು ವೈದ್ಯರನ್ನು ಕೇಳುವುದೇ ಸರಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಮನೆಗೆ ಹೋದ ಮೇಲೆ ಈ ರೋಗಿಯ ಡಾಕ್ಟರ್ ಯಾರು? ಆಸ್ಪತ್ರೆಯ ತಜ್ಞರು ಹದಿನೈದು ದಿನ ಬಿಟ್ಟು ಒ.ಪಿ.ಡಿ.ಗೆ ಬನ್ನಿ ಎನ್ನುತ್ತಾರೆ. ಆ ಹದಿನೈದು ದಿನ ನರ್ಸ್ ಯಾರ ಮಾತಿನ ಮೇಲೆ ಔಷಧ ಬದಲಿಸಬೇಕು? ಮನೆಯ ಹತ್ತಿರದ ಒಬ್ಬ ವೈದ್ಯರನ್ನು ಡಿಸ್ಚಾರ್ಜ್‌ಗೆ ಮೊದಲೇ ಕಂಡು, ಕಾಗದಪತ್ರ ತೋರಿಸಿ, ಫೋನಿನಲ್ಲಿ ಸಿಗುತ್ತೀರಾ, ಬೇಕಾದರೆ ಮನೆಗೆ ಬರುತ್ತೀರಾ ಎಂದು ಕೇಳಿ ಒಪ್ಪಿಸಿಕೊಳ್ಳಿ. ಹೊಣೆ ಹೊತ್ತ ವೈದ್ಯರಿಲ್ಲದ ಮನೆಯಲ್ಲಿ ನರ್ಸ್ ತಾನಾಗಿ ಔಷಧ ಕೊಡಲು ಶುರುಮಾಡುತ್ತಾರೆ, ಇಲ್ಲವೇ ಏನನ್ನೂ ಮಾಡದೆ ಕೂರುತ್ತಾರೆ.

ಹೆಜ್ಜೆ 4: ಡಿಸ್ಚಾರ್ಜ್ ಕಾಗದದಲ್ಲಿ ಇಲ್ಲದ್ದನ್ನು ಬರೆಸಿಕೊಳ್ಳಿ

ಡಿಸ್ಚಾರ್ಜ್ ಸಮ್ಮರಿಯಲ್ಲಿ ರೋಗದ ಚರಿತ್ರೆ ಪುಟಗಟ್ಟಲೆ ಇರುತ್ತದೆ, ಮನೆಯ ನರ್ಸ್‌ಗೆ ಬೇಕಾದದ್ದು ಇರುವುದಿಲ್ಲ. ಮೈಯಲ್ಲಿರುವ ಒಂದೊಂದು ಟ್ಯೂಬಿಗೂ ಅಳತೆ, ಹಾಕಿದ ದಿನ, ಮುಂದೆ ಬದಲಿಸಬೇಕಾದ ದಿನ ಬರೆಸಿ. ಮೂತ್ರದ ಕ್ಯಾಥೆಟರ್ ಲೇಟೆಕ್ಸ್ ಆದರೆ ಎರಡರಿಂದ ನಾಲ್ಕು ವಾರ, ಪೂರ್ತಿ ಸಿಲಿಕೋನ್ ಆದರೆ ಹನ್ನೆರಡು ವಾರದವರೆಗೂ ಬರುತ್ತದೆ. ಯಾವುದೆಂದು ಗೊತ್ತಿಲ್ಲದೆ ಬದಲಿಸುವ ದಿನ ಲೆಕ್ಕ ಹಾಕಲಾಗದು. ರೈಲ್ಸ್ ಟ್ಯೂಬ್ ಮೂಗಿನ ಅಂಚಿನಲ್ಲಿ ಎಷ್ಟು ಸೆಂಟಿಮೀಟರ್ ಗುರುತಿನಲ್ಲಿದೆ ಎಂದು ಬರೆಸಿ, ಅಲ್ಲೇ ಟೇಪಿನ ಮೇಲೆ ಪೆನ್ನಿನಿಂದ ಗುರುತು ಮಾಡಿಸಿ. ಆಕ್ಸಿಜನ್ ಇದ್ದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದರ ಜತೆಗೆ ಎಷ್ಟು ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್‌ನ ಶೇಕಡಾವಾರು ಮಟ್ಟ) ಗುರಿ ಎಂಬುದೂ ಬೇಕು. ಬೀಡಿ–ಹೊಗೆಯಿಂದ ಶ್ವಾಸಕೋಶ ಹಾಳಾದ ಸಿ.ಒ.ಪಿ.ಡಿ. ರೋಗಿಗಳಿಗೆ 88ರಿಂದ 92 ಸಾಕು. 98 ಬರಲಿ ಎಂದು ಆಕ್ಸಿಜನ್ ಏರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ರೋಗಿ ಮಂಪರಿಗೆ ಜಾರಬಹುದು.

ಇನ್ಸುಲಿನ್ ಇದ್ದರೆ ಇಲ್ಲಿ ಸ್ವಲ್ಪ ನಿಂತು ಓದಿ. ನಮ್ಮ ದೇಶದ ಅಂಗಡಿಗಳಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಮತ್ತು 100 ಯೂನಿಟ್. ಸಿರಿಂಜುಗಳೂ ಎರಡು ಬಗೆ, ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರ್, ಎಂದರೆ 50 ಯೂನಿಟ್. ಬರೆದದ್ದು 20, ಹೋದದ್ದು 50. ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿರಲು ಇಷ್ಟು ಸಾಕು. ತಿರುಗುಮುರುಗಾದರೆ 20ರ ಬದಲು 8 ಯೂನಿಟ್ ಮಾತ್ರ ಹೋಗಿ, ಸಕ್ಕರೆ ಯಾಕೆ ಇಳಿಯುತ್ತಿಲ್ಲವೆಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಇವೆಯೇ ಎಂದು ಮನೆಯವರೇ ಕಣ್ಣಾರೆ ನೋಡಿ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆದುಕೊಳ್ಳಲು ಯಾರಿಗೂ ಬಿಡಬೇಡಿ.

ಸಕ್ಕರೆ 70ಕ್ಕಿಂತ ಕೆಳಗಿಳಿದು ರೋಗಿ ಎಚ್ಚರವಿದ್ದು ನುಂಗಬಲ್ಲರಾದರೆ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಹೆಜ್ಜೆ 5: ಏಜೆನ್ಸಿಯ ಜತೆ ಮಾತುಕತೆ

ನಿಮ್ಮ ಕೆಲಸದ ಹಾಳೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ಇವುಗಳಲ್ಲಿ ನೀವು ಕಳಿಸುವವರು ಯಾವುದನ್ನು ಮಾಡುತ್ತಾರೆ, ಯಾವುದನ್ನು ಮಾಡುವುದಿಲ್ಲ, ಬರೆದು ಕಳಿಸಿ" ಎಂದು ಕೇಳಿ. "ಎಲ್ಲಾ ಮಾಡ್ತಾರೆ ಸಾರ್" ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಸರಿಯಾಗಿ ನಡೆಸುವವರು ತಾವೇ ಪ್ರಶ್ನೆ ಕೇಳುತ್ತಾರೆ: ತೂಕ ಎಷ್ಟು, ಬೆನ್ನುಹುಣ್ಣು ಇದೆಯಾ, ಟ್ಯೂಬ್ ಯಾವುದು, ರಾತ್ರಿ ನಿದ್ದೆ ಮಾಡುತ್ತಾರಾ. ಕೆಲವರು ಹಿರಿಯ ನರ್ಸ್ ಒಬ್ಬರನ್ನು ಆಸ್ಪತ್ರೆಗೇ ಕಳಿಸಿ ರೋಗಿಯನ್ನು ನೋಡಿಸಿಕೊಂಡು ಬರುತ್ತಾರೆ. ಅಂಥವರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಬರವಣಿಗೆಯಲ್ಲಿ ಇರಬೇಕಾದ ಸಂಗತಿಗಳು ಹೀಗಿವೆ. ಬರುವವರ ಹೆಸರು, ಓದು, ನೋಂದಣಿ ಸಂಖ್ಯೆ. ಶಿಫ್ಟ್ ಸಮಯ. ರಜೆ ಹಾಕಿದರೆ ಎಷ್ಟು ಗಂಟೆಯೊಳಗೆ ಬದಲಿ, ಬದಲಿಯವರ ಓದೂ ಅದೇ ಮಟ್ಟದ್ದೇ. ಮೇಲ್ವಿಚಾರಕ ನರ್ಸ್ ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತಾರೆ. ಊಟ, ಪ್ರಯಾಣ ಯಾರ ಖರ್ಚು. ಮುಂಗಡ ಎಷ್ಟು, ರೋಗಿ ಮತ್ತೆ ಆಸ್ಪತ್ರೆಗೆ ಸೇರಿದರೆ ಅಥವಾ ತೀರಿಕೊಂಡರೆ ಎಷ್ಟು ವಾಪಸು. ಇದನ್ನು ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಮೊದಲೇ ಕೇಳಿಬಿಡಿ, ಸಾವಿನ ಮನೆಯಲ್ಲಿ ಲೆಕ್ಕದ ಜಗಳ ಬೇಡ. ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ಏಜೆನ್ಸಿಯನ್ನು ಕೇಳಿ, ಪತ್ರದ ಪ್ರತಿ ಪಡೆಯಿರಿ. ನೇರವಾಗಿ ನೇಮಿಸಿಕೊಂಡರೆ ಸೇವಾ ಸಿಂಧು ಮೂಲಕ ನೀವೇ ಅರ್ಜಿ ಹಾಕಬಹುದು.

"24 ಗಂಟೆ ಕೇರ್‌ಟೇಕರ್" ಎಂಬ ಮಾತನ್ನು ಬಿಡಿಸಿ ನೋಡಬೇಕು. ಒಬ್ಬರೇ ಮನೆಯಲ್ಲಿ ಉಳಿದು ನೋಡಿಕೊಳ್ಳುತ್ತಾರೆ ಎಂದು ಅದರ ಅರ್ಥ. ಅವರೂ ಮನುಷ್ಯರು, ರಾತ್ರಿ ಆರೇಳು ಗಂಟೆ ಮಲಗಲೇಬೇಕು. ರೋಗಿಯನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಾದ ಮನೆಗೆ ಒಬ್ಬರೇ 24 ಗಂಟೆಯ ಆಳು ಸಾಲುವುದಿಲ್ಲ. ಒಂದೋ ಹನ್ನೆರಡು ಗಂಟೆಯ ಇಬ್ಬರು ಬೇಕು, ಇಲ್ಲವೇ ರಾತ್ರಿಯ ಸರದಿ ಮನೆಯವರದ್ದಾಗಬೇಕು. ನಿದ್ದೆಗೆಟ್ಟವರು ನಾಲ್ಕನೇ ದಿನದಿಂದ ಚಾರ್ಟಿನಲ್ಲಿ ಬರೆಯುವುದೇ ಒಂದು, ಮಾಡುವುದೇ ಒಂದು ಆಗುತ್ತದೆ.

ಹೆಜ್ಜೆ 6: ಕೋಣೆ, ಕರೆಂಟು, ಆಕ್ಸಿಜನ್

ಮಂಚ ಗೋಡೆಗೆ ಅಂಟಿರಬಾರದು, ಎರಡೂ ಬದಿಯಿಂದ ಆಳು ಓಡಾಡುವಷ್ಟು ಜಾಗ ಬೇಕು. ತಲೆಭಾಗ ಎತ್ತುವ ಮಂಚವನ್ನು ಬಾಡಿಗೆಗೆ ತನ್ನಿ. ಮೊದಲ ತಿಂಗಳು ಏನನ್ನೂ ಕೊಳ್ಳುವ ಆತುರ ಬೇಡ, ಮಂಚ, ಸಕ್ಷನ್ ಯಂತ್ರ, ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್, ಏರ್ ಬೆಡ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ.

ಆಕ್ಸಿಜನ್ ಲೆಕ್ಕ ಕಷ್ಟದ್ದೇನಲ್ಲ. ಮನೆಗಳಲ್ಲಿ ಬಳಸುವ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್, ಆಳೆತ್ತರದ ಡಿ ಟೈಪಿನಲ್ಲಿ ಸುಮಾರು 7000 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಬೇಕಾದವರಿಗೆ ಬಿ ಟೈಪ್ ಹನ್ನೆರಡು ಗಂಟೆ ಚಿಲ್ಲರೆ ಬರುತ್ತದೆ. ಕಾನ್ಸಂಟ್ರೇಟರ್ ಇದ್ದರೆ ಸಿಲಿಂಡರ್ ಯಾಕೆ ಎಂದು ಕೇಳುವವರಿದ್ದಾರೆ. ಐದು ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ, ಮನೆಯ ಸಾಮಾನ್ಯ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಮೇಲೆ ಹೆಚ್ಚೆಂದರೆ ಮೂರ್ನಾಲ್ಕು ಗಂಟೆ ನಡೆದೀತು. ಮಳೆಗಾಲದಲ್ಲಿ ಮರ ಬಿದ್ದು ಇಡೀ ರಾತ್ರಿ ಕರೆಂಟು ಹೋಗುವ ಮಲೆನಾಡಿನ ಮನೆಗೆ ತುಂಬಿದ ಸಿಲಿಂಡರ್, ಅದಕ್ಕೆ ಹೊಂದುವ ಮೀಟರ್, ಕೀಲಿ ಮೂರೂ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಆಕ್ಸಿಜನ್ನಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಅಥವಾ ಕುದಿಸಿ ಆರಿಸಿದ ನೀರು, ದಿನಕ್ಕೊಮ್ಮೆ ಹೊಸದು. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಬೇಡ, ಮೂಗಿಗೆ ವ್ಯಾಸಲೀನ್ ಹಚ್ಚುವುದೂ ಬೇಡ. ರೋಗಿಯ ಕೋಣೆಯಲ್ಲೇ ದೇವರ ಪಟವಿದ್ದರೆ ದೀಪ ಹಚ್ಚುವುದನ್ನು ಬೇರೆ ಕೋಣೆಗೆ ವರ್ಗಾಯಿಸಿ.

ಸಾಮಾನಿನ ಖರ್ಚನ್ನೂ ಮೊದಲೇ ಗುಣಿಸಿ ನೋಡಿ. ದಿನಕ್ಕೆ ಎಂಟು ಸಲ ಕಫ ಎಳೆಯುವವರಿಗೆ, ಪ್ರತಿ ಸಲ ಹೊಸ ಕ್ಯಾಥೆಟರ್ ಎಂದರೆ ತಿಂಗಳಿಗೆ 240. ದಿನಕ್ಕೆ ನಾಲ್ಕು ಡೈಪರ್ ಎಂದರೆ 120. ಗ್ಲೌಸು, ಗಾಜ್ ಬಟ್ಟೆ, ಟೇಪು ಬೇರೆ. ಬಿಡಿಬಿಡಿಯಾಗಿ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಬದಲು ಸರ್ಜಿಕಲ್ ಸಾಮಾನಿನ ಸಗಟು ಅಂಗಡಿಯಲ್ಲಿ ಪೆಟ್ಟಿಗೆ ಲೆಕ್ಕದಲ್ಲಿ ಕೇಳಿ.

ಹೆಜ್ಜೆ 7: ಮೊದಲ ವಾರ ಪಕ್ಕದಲ್ಲಿ ನಿಂತು ನೋಡಬೇಕಾದವು

ಟ್ಯೂಬಿನ ಊಟ. ಮಂಚದ ತಲೆಭಾಗ 30ರಿಂದ 45 ಡಿಗ್ರಿ ಏರಿರಬೇಕು. ಮೂಗಿನ ಅಂಚಿನ ಗುರುತು ಸರಿದಿದೆಯೇ ಎಂದು ನೋಡಿ, ಸಿರಿಂಜಿನಿಂದ ಹೊಟ್ಟೆಯ ರಸ ಸ್ವಲ್ಪ ಎಳೆದು, ಪಿ.ಎಚ್. ಪಟ್ಟಿಗೆ ತಾಗಿಸಿದರೆ 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಆಮ್ಲ ಕಡಿಮೆ ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಏರಿರಬಹುದು, ಆಗ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಗುಳುಗುಳು ಕೇಳುವ ಹಳೆಯ ಪದ್ಧತಿಯನ್ನು ನಂಬುವಂತಿಲ್ಲ, ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದೇ ಸದ್ದು ಕೇಳಿಸಬಹುದು. ಮೊದಲು 30 ಎಂ.ಎಲ್. ನೀರು, ಆಮೇಲೆ ಗಂಜಿ, ಕೊನೆಗೆ ಮತ್ತೆ 30 ಎಂ.ಎಲ್. ನೀರು. ಸಿರಿಂಜಿನ ದಂಡ ತೆಗೆದು, ಕೈಯೆತ್ತರದಿಂದ ತಾನಾಗಿ ಇಳಿಯಲು ಬಿಡಬೇಕು. 250 ಎಂ.ಎಲ್. ಇಳಿಯಲು ಇಪ್ಪತ್ತು ನಿಮಿಷ ಹಿಡಿದರೆ ಸರಿಯಾಗಿದೆ. ದಂಡ ಒತ್ತಿ ಎರಡು ನಿಮಿಷದಲ್ಲಿ ಮುಗಿಸಿದರೆ ವಾಂತಿಯಾಗಿ, ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಊಟದ ನಂತರ ಒಂದು ಗಂಟೆ ಮಲಗಿಸಬಾರದು.

ನಮ್ಮ ಮನೆಗಳಲ್ಲಿ ಟ್ಯೂಬ್ ಕಟ್ಟಿಕೊಳ್ಳಲು ಒಂದು ಮುಖ್ಯ ಕಾರಣ ರಾಗಿ ಗಂಜಿ. ಒಲೆಯಿಂದ ಇಳಿಸುವಾಗ ನೀರಾಗಿ ಕಾಣುತ್ತದೆ, ಉಗುರುಬೆಚ್ಚಗಾಗುವ ಹೊತ್ತಿಗೆ ಮಂದವಾಗಿ ಟ್ಯೂಬಿನೊಳಗೆ ಅಂಟುತ್ತದೆ. ಬೇಕಾದದ್ದಕ್ಕಿಂತ ತೆಳ್ಳಗೆ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಇನ್ನೊಮ್ಮೆ ಹದ ನೋಡಿ ಬಿಡಿ. ಎರಡು ಗಂಟೆಗಿಂತ ಹೊರಗಿಟ್ಟ ಗಂಜಿ ಬೇಡ. ಮಾತ್ರೆಗಳನ್ನು ಒಂದೊಂದಾಗಿ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬೇಕು, ಗಂಜಿಗೆ ಬೆರೆಸಬಾರದು. ಹೆಸರಿನ ಕೊನೆಯಲ್ಲಿ ಎಸ್.ಆರ್., ಇ.ಆರ್., ಎಕ್ಸ್.ಎಲ್. ಎಂದಿರುವ ಮಾತ್ರೆಗಳನ್ನು ಪುಡಿ ಮಾಡಲೇಬಾರದು, ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಸೇರಿಬಿಡುತ್ತದೆ. ಬದಲಿ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಟ್ಯೂಬ್ ಕಟ್ಟಿದರೆ ಬೆಚ್ಚಗಿನ ನೀರನ್ನು ಮೆಲ್ಲಗೆ ತಳ್ಳಿ ಎಳೆಯುವುದಷ್ಟೇ, ತಂತಿ ಹಾಕಬಾರದು.

ಕಫ ಎಳೆಯುವುದು. ಸಕ್ಷನ್ ಕ್ಯಾಥೆಟರಿನ ದಪ್ಪ ಟ್ರೇಕಿಯಾಸ್ಟಮಿ ಟ್ಯೂಬಿನ ಒಳವ್ಯಾಸದ ಅರ್ಧಕ್ಕಿಂತ ಹೆಚ್ಚಿರಬಾರದು: 8 ಮಿಲಿಮೀಟರ್ ಟ್ಯೂಬಿಗೆ 12 ನಂಬರ್, ಎಂದರೆ 4 ಮಿಲಿಮೀಟರ್ ದಪ್ಪದ್ದು. ಒಳಗೆ ಇಳಿಸುವಾಗ ಸಕ್ಷನ್ ಇರಬಾರದು, ಹೊರತೆಗೆಯುವಾಗ ಮಾತ್ರ. ಒಂದು ಸಲಕ್ಕೆ ಹತ್ತರಿಂದ ಹದಿನೈದು ಸೆಕೆಂಡು, ಯಂತ್ರದ ಒತ್ತಡ 150 ಎಂ.ಎಂ. ಎಚ್‌ಜಿ.ಯೊಳಗೆ. ನರ್ಸ್ ಎಳೆಯುವಾಗ ನೀವು ನಿಮ್ಮದೇ ಉಸಿರು ಹಿಡಿದು ನೋಡಿ, ನಿಮಗೆ ತಡೆಯಲಾರದಷ್ಟು ಹೊತ್ತು ರೋಗಿಗೂ ತಡೆಯಲಾಗದು. ಅದೇ ಅಳತೆಯ ಒಂದು, ಅದಕ್ಕಿಂತ ಒಂದು ಅಳತೆ ಚಿಕ್ಕದು ಇನ್ನೊಂದು, ಹೀಗೆ ಎರಡು ಬಿಡಿ ಟ್ರೇಕಿಯಾಸ್ಟಮಿ ಟ್ಯೂಬುಗಳು ತಲೆದಿಂಬಿನ ಬಳಿ ಕಣ್ಣಿಗೆ ಕಾಣುವಂತೆ ಇರಲಿ.

ಮೂತ್ರದ ಚೀಲ. ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಮಗ್ಗುಲು ಬದಲಿಸುವಾಗ ಚೀಲವನ್ನು ಎತ್ತಿ ಹಾಸಿಗೆಯ ಮೇಲೆ ಇಡುವುದೇ ಸಾಮಾನ್ಯ ತಪ್ಪು, ಹಳೆಯ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಟ್ಯೂಬನ್ನು ತೊಡೆಗೆ ಟೇಪಿನಿಂದ ಅಂಟಿಸಿ. ಗೊಂದಲದಲ್ಲಿರುವ ರೋಗಿ ಅದನ್ನು ಎಳೆದುಕೊಂಡರೆ ಒಳಗೆ ಉಬ್ಬಿರುವ ಬಲೂನು ದಾರಿಯನ್ನು ಹರಿದುಕೊಂಡೇ ಬರುತ್ತದೆ. ನಾಲ್ಕು ಗಂಟೆ ಹನಿ ಮೂತ್ರವೂ ಬಾರದೆ ಹೊಟ್ಟೆ ಉಬ್ಬಿದರೆ, ಚಳಿಜ್ವರ ಬಂದರೆ ಕಾಯಬೇಡಿ.

ಬೆನ್ನುಹುಣ್ಣು. ಏರ್ ಬೆಡ್ ಹಾಕಿದ್ದೇವೆ, ಇನ್ನು ಮಗ್ಗುಲು ಬದಲಿಸುವುದು ಬೇಡ ಎಂಬುದು ತಪ್ಪು ತಿಳಿವಳಿಕೆ. ಎರಡು ಗಂಟೆಗೊಮ್ಮೆ ಬದಲಿಸಲೇಬೇಕು. ದಿನಕ್ಕೊಮ್ಮೆ ಟಾರ್ಚ್ ಹಿಡಿದು ಬೆನ್ನಿನ ಬುಡ, ಸೊಂಟದ ಎರಡೂ ಬದಿ, ಹಿಮ್ಮಡಿ, ಕಿವಿಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಯಾಗದೆ ಕೆಂಪಾಗಿಯೇ ಉಳಿದರೆ ಒಳಗೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಬಿಸಿಯಾಗಿ ಅಥವಾ ಗಟ್ಟಿಯಾಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿ. ಆ ಜಾಗವನ್ನು ಎಣ್ಣೆ ಹಾಕಿ ತಿಕ್ಕಬಾರದು, ಬಳೆಯಾಕಾರದ ಟ್ಯೂಬ್ ದಿಂಬಿನ ಮೇಲೆ ಕೂರಿಸಲೂಬಾರದು, ಎರಡರಿಂದಲೂ ಅಲ್ಲಿಗೆ ರಕ್ತ ಬರುವುದು ಇನ್ನಷ್ಟು ಕಡಿಮೆಯಾಗುತ್ತದೆ.

ಚಾರ್ಟ್. ಪ್ರತಿ ಸಲವೂ 120/80, ನಾಡಿ 72 ಎಂದೇ ಬರೆದಿದ್ದರೆ ಅಳೆಯದೆ ಬರೆದದ್ದು. ಡಿಜಿಟಲ್ ಬಿ.ಪಿ. ಯಂತ್ರ, ಗ್ಲುಕೋಮೀಟರ್ ಎರಡಕ್ಕೂ ನೆನಪಿನ ಗುಂಡಿ ಇರುತ್ತದೆ. ಸಂಜೆ ಅದನ್ನು ಒತ್ತಿ ಚಾರ್ಟಿನ ಜತೆ ಹೋಲಿಸಿ. ನರ್ಸ್ ಎದುರಿಗೇ, ಮೊದಲ ದಿನವೇ ಇದನ್ನು ಮಾಡಿದರೆ ಅವಮಾನವೆನಿಸುವುದಿಲ್ಲ, ಮನೆಯ ಪದ್ಧತಿಯೆಂದೇ ಆಗುತ್ತದೆ.

ಡ್ರಿಪ್ ಬಗ್ಗೆ

ಸುಸ್ತಾಗಿದೆ, ಊಟ ಸೇರುತ್ತಿಲ್ಲ, ಒಂದು ಬಾಟಲಿ ಗ್ಲೂಕೋಸ್ ಹಾಕಿಸೋಣ ಎಂಬ ಮಾತು ನಮ್ಮ ಊರುಗಳಲ್ಲಿ ಬೇರೂರಿದೆ. ಅರ್ಧ ಲೀಟರಿನ 5 ಶೇಕಡ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದು ಚಹಾ ಚಮಚದಷ್ಟು. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಿಗೆ ಆ ಅರ್ಧ ಲೀಟರ್ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳಬಹುದು. ವೈದ್ಯರ ಬರಹವಿಲ್ಲದೆ ಮನೆಯಲ್ಲಿ ಡ್ರಿಪ್ ಬೇಡ. ಆಂಟಿಬಯೋಟಿಕ್ ಇಂಜೆಕ್ಷನ್ ಮನೆಯಲ್ಲಿ ಮುಂದುವರಿಸಬಹುದು, ಆದರೆ ಯಾವುದೇ ಹೊಸ ಔಷಧದ ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ. ನರ್ಸ್ ಚೀಲದಲ್ಲಿ ಅಡ್ರಿನಲಿನ್ ಇದೆಯೇ, ಅಲರ್ಜಿಯಾದರೆ ಎಷ್ಟು ಕೊಡಬೇಕೆಂದು ವೈದ್ಯರು ಬರೆದಿದ್ದಾರೆಯೇ ಎಂದು ಕೇಳಿ.

ಗೋಡೆಯ ಮೇಲೊಂದು ಹಾಳೆ

ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಅಂಟಿಸಿ. ನರ್ಸ್‌ಗೆ ಕನ್ನಡ ಓದಲು ಬಾರದಿದ್ದರೆ ಅವರ ಭಾಷೆಯಲ್ಲೂ ಬರೆಸಿ. ರೋಗಿಯ ಹೆಸರು, ವಯಸ್ಸು, ರೋಗ, ಔಷಧದ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದರ ಹೆಸರು. ಹೊಣೆ ಹೊತ್ತ ವೈದ್ಯರ ನಂಬರ್, 108, ಮನೆಯವರ ಎರಡು ನಂಬರ್. ಮನೆಯ ವಿಳಾಸವನ್ನೂ ಬರೆಯಿರಿ, ಹೊಸದಾಗಿ ಬಂದ ನರ್ಸ್‌ಗೆ ಆಂಬುಲೆನ್ಸ್‌ನವರಿಗೆ ಅಡ್ಡರಸ್ತೆ ಹೇಳಲು ಬರುವುದಿಲ್ಲ. ಅದರ ಕೆಳಗೆ, ಯಾರನ್ನೂ ಕೇಳದೆ 108ಕ್ಕೆ ಕರೆ ಮಾಡಬೇಕಾದ ಸಂದರ್ಭಗಳು: ಮುಖ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು, ಎದೆನೋವು, ಎಚ್ಚರ ತಪ್ಪುವುದು, ಉಸಿರಿಗೆ ಒದ್ದಾಟ, ನಿಲ್ಲದ ಫಿಟ್ಸ್, ನಿಲ್ಲದ ರಕ್ತ, ಟ್ರೇಕಿಯಾಸ್ಟಮಿ ಟ್ಯೂಬ್ ಹೊರಬರುವುದು.

ದುಡ್ಡು, ವಿಮೆ, ಉಚಿತ ನೆರವು

ಹೆಚ್ಚಿನ ಆರೋಗ್ಯ ವಿಮೆಗಳು ಮನೆಯ ಅಟೆಂಡರ್ ಖರ್ಚು ಕೊಡುವುದಿಲ್ಲ. ಡೊಮಿಸಿಲಿಯರಿ ಹಾಸ್ಪಿಟಲೈಸೇಷನ್ ಎಂಬ ಭಾಗ ನಿಮ್ಮ ಪಾಲಿಸಿಯಲ್ಲಿದ್ದರೆ, ಆಸ್ಪತ್ರೆಯಲ್ಲೇ ಆಗಬೇಕಾದ ಚಿಕಿತ್ಸೆಯನ್ನು ರೋಗಿ ಸಾಗಿಸುವ ಸ್ಥಿತಿಯಲ್ಲಿಲ್ಲದ ಕಾರಣ ಅಥವಾ ಹಾಸಿಗೆ ಸಿಗದ ಕಾರಣ ಮನೆಯಲ್ಲಿ ಪಡೆದಾಗ ಹಣ ಸಿಗಬಹುದು. ವೈದ್ಯರ ಪತ್ರದಲ್ಲಿ ಆ ಕಾರಣ ಸ್ಪಷ್ಟವಾಗಿರಬೇಕು, ಕಂಪನಿಗೆ ಮೊದಲೇ ತಿಳಿಸಬೇಕು. ಏಜೆನ್ಸಿಯಿಂದ ಪ್ರತಿ ತಿಂಗಳೂ ರೋಗಿಯ ಹೆಸರಿನ ಬಿಲ್ ಪಡೆಯಿರಿ.

ಕ್ಯಾನ್ಸರ್ ಕೊನೆಯ ಹಂತದಲ್ಲಿದ್ದರೆ ಏಜೆನ್ಸಿಗಿಂತ ಮೊದಲು ನೋವು, ಸಂಕಟ ತಗ್ಗಿಸುವ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯವರನ್ನು ಕೇಳಿ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದೆ ಆರೈಕೆ ನೀಡುತ್ತದೆ, ಮನೆಗೆ ಹೋಗಿ ನೋಡುವ ತಂಡವೂ ಅವರಲ್ಲಿದೆ. ನೋವು ತಡೆಯಲಾರದಷ್ಟಿದ್ದರೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಬಗ್ಗೆ ಅಂಥ ವೈದ್ಯರ ಬಳಿ ಕೇಳಲು ಹಿಂಜರಿಯಬೇಡಿ. ಹಳ್ಳಿಗಳಲ್ಲಿ ಏಜೆನ್ಸಿಗಳು ಸಿಗುವುದು ಅಪರೂಪ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಹಿರಿಯರ ಮತ್ತು ಹಾಸಿಗೆ ಹಿಡಿದವರ ಆರೈಕೆ ಆ ಕೇಂದ್ರಗಳ ಸೇವೆಗಳಲ್ಲೇ ಸೇರಿದೆ. ಆಶಾ ಕಾರ್ಯಕರ್ತೆಯ ಮೂಲಕ ವಿಷಯ ಮುಟ್ಟಿಸಿ, ಡ್ರೆಸ್ಸಿಂಗ್, ಕ್ಯಾಥೆಟರ್ ಬದಲಾವಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಳ್ಳಿ.

ಬಂದವರನ್ನು ಉಳಿಸಿಕೊಳ್ಳುವುದು, ಕೊನೆಗೆ ಕಳಿಸಿಕೊಡುವುದು

ಕೂರಲು ಒಂದು ಕುರ್ಚಿ, ಮಲಗಲು ಜಾಗ, ಹೊತ್ತಿಗೆ ಸರಿಯಾಗಿ ಊಟ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಇವಿಲ್ಲದ ಮನೆಯಲ್ಲಿ ಒಳ್ಳೆಯ ನರ್ಸ್ ನಿಲ್ಲುವುದಿಲ್ಲ. ನರ್ಸ್ ಕೈಯಲ್ಲಿ ಪಾತ್ರೆ ತೊಳೆಸುವುದು, ಮನೆಮಂದಿಯ ಬಟ್ಟೆ ಒಗೆಸುವುದು ಸಲ್ಲದು. ಒಡವೆ, ದುಡ್ಡು ಬೀರುವಿನಲ್ಲಿಟ್ಟು ಬೀಗ ಹಾಕಿ, ಆಗ ಅನುಮಾನಪಡುವ ಸಂದರ್ಭವೇ ಬರುವುದಿಲ್ಲ. ರೋಗಿಯ ಕೋಣೆಯಲ್ಲಿ ಕ್ಯಾಮೆರಾ ಇಡುವುದಾದರೆ ನರ್ಸ್‌ಗೂ ರೋಗಿಗೂ ಹೇಳಿಯೇ ಇಡಿ.

ಹದಿನೈದು ದಿನಕ್ಕೊಮ್ಮೆ ಮೊದಲ ದಿನದ ಕೆಲಸದ ಹಾಳೆಯನ್ನು ತೆಗೆದು ಮತ್ತೆ ಬರೆಯಿರಿ. ಪ್ರತಿ ಸಲ ವೈದ್ಯರನ್ನು ಕಂಡಾಗ ಒಂದೊಂದು ಟ್ಯೂಬನ್ನೂ ಹೆಸರು ಹಿಡಿದು ಕೇಳಿ: ಇದು ಇನ್ನೂ ಬೇಕಾ, ಯಾವಾಗ ತೆಗೆಯಬಹುದು? ಕೇಳುವವರಿಲ್ಲದೆ ಕ್ಯಾಥೆಟರುಗಳು ತಿಂಗಳುಗಟ್ಟಲೆ ಉಳಿದುಬಿಡುತ್ತವೆ. ಬಾಯಲ್ಲಿ ನುಂಗಲು ಶುರುವಾದರೆ ಟ್ಯೂಬ್ ತೆಗೆಯುವ ಮೊದಲು ನುಂಗುವಿಕೆಯ ಪರೀಕ್ಷೆ ಮಾಡಿಸಿ. ಬಲಗಡೆಯ ಸಾಲಿನಲ್ಲಿ ವಾರಕ್ಕೊಂದೆರಡು ಕೆಲಸ ಮಾತ್ರ ಉಳಿದಾಗ ಪೂರ್ಣಾವಧಿ ನರ್ಸ್ ಬದಲು ಬಂದು ಹೋಗುವ ನರ್ಸ್ ಮಾಡಿಕೊಳ್ಳಿ. ಬಿಡುವ ಮೊದಲಿನ ಮೂರು ದಿನ ಅವರು ಪಕ್ಕದಲ್ಲಿ ನಿಂತು ನೋಡಲಿ, ಕೆಲಸವನ್ನು ಮನೆಯವರೇ ಮಾಡಲಿ.